ಜೋಡಿ ಕರು, ಊರ ಗೂಳಿ, ಗಬ್ಬ ನಿಲ್ಲದ ಆಕಳು: ಕ್ರೋಮೋಸೋಮ್ ಪರೀಕ್ಷೆ ಯಾವಾಗ ಬೇಕು, ಹೇಗೆ ಮಾಡಿಸಬೇಕು

ನಿಮ್ಮ ಆಕಳು ಜೋಡಿ ಕರು ಹಾಕಿದೆಯಾ? ಒಂದು ಗಂಡು, ಒಂದು ಹೆಣ್ಣಾ? ಹಾಗಿದ್ದರೆ ಹೆಣ್ಣುಗರುವಿಗೆ ತಿಂಗಳು ತುಂಬುವುದರೊಳಗೆ ಒಂದು ಸಣ್ಣ ಪರೀಕ್ಷೆ ಮಾಡಿಸಿ. ಅದನ್ನು ಬಿಟ್ಟರೆ ಮೂರು ವರ್ಷ ಕಣಕಿ, ಹೊಟ್ಟು, ಹಿಂಡಿ ಹಾಕಿ ಬೆಳೆಸಿದ ಮೇಲೆ ಅದು ಗೊಡ್ಡು ಅಂತ ಗೊತ್ತಾಗುತ್ತದೆ.

ಬೀದರ್, ಕಲಬುರಗಿ, ಯಾದಗಿರಿ ಕಡೆ ಇದು ಸಣ್ಣ ನಷ್ಟ ಅಲ್ಲ. ದೇವಣಿ ಮಣಕ ಮೊದಲ ಕರು ಹಾಕುವುದೇ ಮೂರೂವರೆ, ನಾಲ್ಕು ವರ್ಷಕ್ಕೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಸ್ವಲ್ಪ ಬೇಗ. ಅಷ್ಟು ದಿನ ಅದರಿಂದ ಬರುವುದು ಸಗಣಿ ಗೊಬ್ಬರ ಮಾತ್ರ. ಮಳೆ ಕೈಕೊಟ್ಟ ವರ್ಷ ಕಣಕಿ ಕೊಂಡು ಹಾಕಿದವರಿಗೆ ಆ ಖರ್ಚು ಎಷ್ಟು ಅಂತ ನಾನು ಹೇಳಬೇಕಿಲ್ಲ.

ಇನ್ನೊಂದು ಮಾತನ್ನೂ ಮೊದಲೇ ಹೇಳುತ್ತೇನೆ. ಕ್ರೋಮೋಸೋಮ್ ಅಂದರೆ ಜೀವಕೋಶದೊಳಗೆ ತಂದೆ ತಾಯಿಯ ಗುಣಗಳನ್ನು ಹೊತ್ತಿರುವ ಎಳೆಗಳು. ಗಬ್ಬ ನಿಲ್ಲದ ಎಲ್ಲ ಆಕಳಿಗೂ ಇವುಗಳ ದೋಷ ಇರುವುದಿಲ್ಲ. ಗೊಡ್ಡು ಅಂತ ಮಾರಿ ಕೈತೊಳೆದುಕೊಳ್ಳುವ ಆಕಳುಗಳಲ್ಲಿ ಹೆಚ್ಚಿನವಕ್ಕೆ ತೊಂದರೆ ಇರುವುದು ಮೇವಿನಲ್ಲಿ, ಬೆದೆ ಗುರುತಿಸುವುದರಲ್ಲಿ, ಇಲ್ಲವೇ ಗರ್ಭಕೋಶದ ಸೋಂಕಿನಲ್ಲಿ. ಹಾಗಾಗಿ ಪರೀಕ್ಷೆಗೆ ಒಂದು ಸರದಿ ಇದೆ. ಗಂಡಿನ ಜೊತೆ ಹುಟ್ಟಿದ ಹೆಣ್ಣುಗರುವಿಗೆ ತಕ್ಷಣ. ತಳಿಗೆ ಬಿಡುವ ಹೋರಿಗೆ, ಬಿಡುವ ಮುಂಚೆ. ಪದೇ ಪದೇ ಬೆದೆಗೆ ಬರುವ ಆಕಳಿಗೆ ಎಲ್ಲಕ್ಕಿಂತ ಕೊನೆಗೆ. ನಾನು ನೋಡಿದ ಮಟ್ಟಿಗೆ ನಮ್ಮಲ್ಲಿ ಇದು ತಿರುಗಾಮುರುಗಾ ಆಗಿದೆ. ಆಕಳ ಮೇಲೆ ಎಲ್ಲರಿಗೂ ಅನುಮಾನ, ಹೋರಿಯನ್ನು ಕೇಳುವವರೇ ಇಲ್ಲ.

ಮೊದಲು ಇಷ್ಟು ತಿಳಿದಿರಲಿ

ಆಕಳ ಮೈಯ ಪ್ರತಿ ಜೀವಕೋಶದಲ್ಲೂ 60 ಕ್ರೋಮೋಸೋಮ್ ಇರುತ್ತವೆ, ಅಂದರೆ 30 ಜೊತೆ. ಅದರಲ್ಲಿ ಒಂದು ಜೊತೆ ಗಂಡೋ ಹೆಣ್ಣೋ ಅಂತ ತೀರ್ಮಾನಿಸುತ್ತದೆ. ಹೆಣ್ಣಿಗೆ ಎಕ್ಸ್ ಎಕ್ಸ್, ಗಂಡಿಗೆ ಎಕ್ಸ್ ವೈ. ದೇವಣಿ, ಖಿಲಾರಿ, ಜರ್ಸಿ, ಎಚ್‌ಎಫ್ ಎಲ್ಲದಕ್ಕೂ 60. ಅದಕ್ಕೇ ಇವುಗಳ ಮಿಶ್ರತಳಿ ಸಲೀಸಾಗಿ ಗಬ್ಬ ಕಟ್ಟುತ್ತದೆ. ನಮ್ಮ ಮುರ್ರಾ, ಸುರ್ತಿ, ಪಂಢರಪುರಿ ಎಮ್ಮೆಗಳಿಗೆ 50.

ದೋಷ ಎರಡು ಬಗೆ. ಒಂದು, ಎಣಿಕೆಯಲ್ಲಿ ಹೆಚ್ಚು ಕಡಿಮೆ. ಇಂಥ ಪಿಂಡ ಸಾಮಾನ್ಯವಾಗಿ ಹೊಟ್ಟೆಯಲ್ಲೇ ಸಾಯುತ್ತದೆ. ಹೆಚ್ಚು ಕಡಿಮೆ ಆಗಿರುವುದು ಎಕ್ಸ್ ಅಥವಾ ವೈ ಆಗಿದ್ದರೆ ಮಾತ್ರ ಕರು ಬದುಕಿ ಬೆಳೆಯುತ್ತದೆ, ಆದರೆ ಸಂತಾನ ಸಾಮರ್ಥ್ಯಕ್ಕೆ ಪೆಟ್ಟು ಬೀಳುತ್ತದೆ. ಎರಡನೆಯದು, ಎಣಿಕೆಗಿಂತ ಜೋಡಣೆಯ ದೋಷ. ಎರಡು ಕ್ರೋಮೋಸೋಮ್ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಅಥವಾ ತುಂಡಾಗಿ ತುಂಡುಗಳು ಅದಲುಬದಲಾಗಿರುತ್ತವೆ. ಇಂಥ ದನ ನೋಡಲು ಗಟ್ಟಿಮುಟ್ಟಾಗಿರುತ್ತದೆ, ಹಾಲೂ ಕೊಡುತ್ತದೆ. ತೊಂದರೆ ಕಾಣುವುದು ಅದರ ಸಂತಾನದಲ್ಲಿ.

ಗಂಡಿನ ಜೊತೆ ಹುಟ್ಟಿದ ಹೆಣ್ಣುಗರು

ಗಂಡು, ಹೆಣ್ಣು ಎರಡೂ ಪಿಂಡ ಒಂದೇ ಹೊಟ್ಟೆಯಲ್ಲಿದ್ದಾಗ, ಗಬ್ಬ ಕಟ್ಟಿದ ತಿಂಗಳು ಒಂದೂಕಾಲು ತಿಂಗಳ ಹೊತ್ತಿಗೆ ಎರಡರ ಮಾಸಿನ ರಕ್ತನಾಳಗಳು ಕೂಡಿಕೊಳ್ಳುತ್ತವೆ. ಗಂಡಿನ ರಕ್ತ ಹೆಣ್ಣಿಗೆ, ಹೆಣ್ಣಿನದು ಗಂಡಿಗೆ ಹರಿಯುತ್ತದೆ. ಗಂಡು ಪಿಂಡದ ಬೀಜದಿಂದ ಬರುವ ಹಾರ್ಮೋನು ಹೆಣ್ಣು ಪಿಂಡದ ಗರ್ಭಕೋಶ ಬೆಳೆಯದಂತೆ ತಡೆಯುತ್ತದೆ. ಅಂಡಾಶಯವೂ ಸರಿಯಾಗಿ ಆಗುವುದಿಲ್ಲ. ಹೊರಗಿನಿಂದ ಹೆಣ್ಣೇ, ಒಳಗೆ ಗರ್ಭಕೋಶ ಇಲ್ಲ, ಇದ್ದರೂ ದಾರದಷ್ಟು. ಇದಕ್ಕೆ ಫ್ರೀಮಾರ್ಟಿನ್ ಎನ್ನುತ್ತಾರೆ. ಹೀಗೆ ಗಂಡಿನ ಜೊತೆ ಹುಟ್ಟಿದ ಹೆಣ್ಣುಗರುಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಗೊಡ್ಡೇ ಆಗುತ್ತವೆ. ಉಳಿದ ಕೆಲವಕ್ಕೆ ರಕ್ತನಾಳ ಕೂಡಿರುವುದಿಲ್ಲ, ಅವು ಚೆನ್ನಾಗೇ ಕರು ಹಾಕುತ್ತವೆ. ಆ ಕೆಲವನ್ನು ಕಳೆದುಕೊಳ್ಳಬಾರದು ಅಂತಲೇ ಪರೀಕ್ಷೆ.

ಎರಡೂ ಹೆಣ್ಣಾದರೆ ಚಿಂತೆ ಇಲ್ಲ. ಎರಡೂ ಗಂಡಾದರೂ ಈ ತೊಂದರೆ ಇಲ್ಲ.

ಮೊದಲು ನೀವೇ ನೋಡಬಹುದಾದದ್ದು ನೋಡಿ. ಕರುವಿನ ಯೋನಿಯ ತುಟಿಗಳು ಸಣ್ಣದಾಗಿ, ಕೆಳತುದಿಯಲ್ಲಿ ಕೂದಲು ಗುಚ್ಛದಂತೆ ಉದ್ದ ಇದೆಯಾ? ಅದರ ಒಳಗಿನ ಗುಳ್ಳೆ (ಚಂದ್ರನಾಡಿ) ದಪ್ಪಗೆ ಎದ್ದು ಕಾಣುತ್ತಾ? ಮೊಲೆತೊಟ್ಟು ತೀರಾ ಚಿಕ್ಕದಾ? ಇವಿದ್ದರೆ ಅನುಮಾನ ಗಟ್ಟಿ. ಆದರೆ ಇವಿಲ್ಲ ಅಂತ ಸುಮ್ಮನೆ ಕೂರಬೇಡಿ. ಬಹಳಷ್ಟು ಫ್ರೀಮಾರ್ಟಿನ್ ಕರುಗಳು ಹುಟ್ಟಿದಾಗ ಹೊರಗಿನಿಂದ ಪಕ್ಕಾ ಹೆಣ್ಣುಗರುವಿನಂತೆಯೇ ಇರುತ್ತವೆ.

ಆಮೇಲೆ ಕೊಳವೆ ಪರೀಕ್ಷೆ. ಇದನ್ನು ಪಶುವೈದ್ಯರೇ ಮಾಡಬೇಕು. ಬೆರಳು ದಪ್ಪದ, ತುದಿ ದುಂಡಗಿರುವ ನುಣುಪಾದ ಕೊಳವೆ ತೊಳೆದು, ಜಾರುವ ಜೆಲ್ ಹಚ್ಚಿ, ಮೊದಲು ತುಸು ಮೇಲ್ಮುಖವಾಗಿ, ಆಮೇಲೆ ನೇರವಾಗಿ ಮೆಲ್ಲಗೆ ಒಳಗೆ ಬಿಡುತ್ತಾರೆ. ತಿಂಗಳೊಳಗಿನ ಸರಿಯಾದ ಹೆಣ್ಣುಗರುವಿನಲ್ಲಿ ಅದು 13ರಿಂದ 15 ಸೆಂಟಿಮೀಟರ್ ಹೋಗುತ್ತದೆ. ಫ್ರೀಮಾರ್ಟಿನ್‌ನಲ್ಲಿ 5–6 ಸೆಂಟಿಮೀಟರಿಗೇ ತಡೆಯುತ್ತದೆ. ಒತ್ತಿ ತುರುಕಿದರೆ ಒಳಗೆ ಹರಿಯುತ್ತದೆ, ಅದಕ್ಕೇ ಮನೆಯಲ್ಲಿ ಪ್ರಯೋಗ ಬೇಡ.

ಭಾಲ್ಕಿ ಕಡೆಯ ಒಂದು ಕೊಟ್ಟಿಗೆಯಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಪಕ್ಕದ ಮನೆಯ ಅದೇ ವಯಸ್ಸಿನ ಒಂಟಿ ಹೆಣ್ಣುಗರುವನ್ನೂ ತರಿಸಿದ್ದರು. ಮೊದಲು ಅದಕ್ಕೆ ಕೊಳವೆ ಬಿಟ್ಟು, ಎಲ್ಲಿಯವರೆಗೆ ಹೋಯಿತೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದರು. ತೊಳೆದು ಜೋಡಿಯ ಹೆಣ್ಣಿಗೆ ಬಿಟ್ಟರೆ ಆ ಗೆರೆಯ ಅರ್ಧಕ್ಕೂ ಹೋಗಲಿಲ್ಲ. ಮನೆಯಾಕೆ ಕೇಳಿದರು, "ಸಾಹೇಬ್ರ, ಇದಕ್ಕೇನ್ ಆಗ್ಯಾದ್ರಿ? ಛಂದ ಹಾಲ್ ಕುಡಿಲತ್ತದ." ಡಾಕ್ಟರ್ ಗೆರೆ ತೋರಿಸಿ ಹೇಳಿದರು, "ಹೌದ್ರಿ ಅಮ್ಮಾ, ಕುಡೀತದ, ಬೆಳೀತದ. ಗಬ್ಬ ಮಾತ್ರ ಆಗಂಗಿಲ್ರಿ." ಎರಡು ಕರು ಪಕ್ಕದಲ್ಲಿಟ್ಟು ಅಳೆದರೆ ಮನೆಯವರಿಗೂ ಕಣ್ಣಾರೆ ಗೊತ್ತಾಗುತ್ತದೆ. ಸಾಧ್ಯವಾದರೆ ನೀವೂ ಹೀಗೇ ಮಾಡಿಸಿ.

ಕೊಳವೆ ಪರೀಕ್ಷೆಯಲ್ಲಿ ಅರೆಬರೆ ಉತ್ತರ ಬಂದರೆ ರಕ್ತ ಪರೀಕ್ಷೆ. ಹೆಣ್ಣುಗರುವಿನ ರಕ್ತದಲ್ಲಿ ವೈ ಕ್ರೋಮೋಸೋಮ್ ಇರುವ ಕೋಶ ಸಿಕ್ಕರೆ ಅದು ಫ್ರೀಮಾರ್ಟಿನ್. ಪಿಸಿಆರ್ ಅನ್ನುವ ಡಿಎನ್ಎ ಪರೀಕ್ಷೆಯಲ್ಲಿ ಇದು ಬೇಗ ಗೊತ್ತಾಗುತ್ತದೆ. ಗಂಡು ಕೋಶ ಎಷ್ಟು ಪಾಲು ಇದೆ ಅನ್ನುವುದರಿಂದ ಒಳಗಿನ ದೋಷ ಎಷ್ಟು ಅಂತ ಹೇಳಲಾಗದು. ಸ್ವಲ್ಪ ಇದ್ದರೂ ಅದನ್ನು ಕರು ಹಾಕಿಸಲೆಂದು ಇಟ್ಟುಕೊಳ್ಳಬೇಡಿ.

ಒಂಟಿಯಾಗಿ ಹುಟ್ಟಿದ ಹೆಣ್ಣೂ ಒಮ್ಮೊಮ್ಮೆ ಫ್ರೀಮಾರ್ಟಿನ್ ಆಗಿರುತ್ತದೆ. ಜೊತೆಗಿದ್ದ ಗಂಡು ಪಿಂಡ ರಕ್ತ ಕೂಡಿದ ಮೇಲೆ ಹೊಟ್ಟೆಯಲ್ಲೇ ಸತ್ತು ಕರಗಿದ್ದರೆ ಹೀಗಾಗುತ್ತದೆ. ಅಪರೂಪ, ಆದರೆ ಎಷ್ಟೇ ದಿನ ಆದರೂ ಬೆದೆಗೆ ಬಾರದ ಮಣಕವಿದ್ದರೆ ಇದನ್ನೂ ನೆನಪಿಡಿ.

ಗಂಡುಗರುವಿನ ಕಥೆ ಏನು? ಅದರ ರಕ್ತದಲ್ಲೂ ಅಕ್ಕ ತಂಗಿಯ ಕೋಶ ಸೇರಿರುತ್ತದೆ. ಹೆಣ್ಣಿನಷ್ಟು ಹಾನಿ ಇಲ್ಲ, ಆದರೂ ಕೆಲವುಗಳಲ್ಲಿ ವೀರ್ಯದ ಗುಣಮಟ್ಟ ಕಡಿಮೆ. ಎತ್ತು ಮಾಡಿ ಹೊಲಕ್ಕೆ ಇಟ್ಟುಕೊಳ್ಳಿ, ಏನೂ ತೊಂದರೆ ಇಲ್ಲ. ತಳಿಯ ಹೋರಿಯಾಗಿ ಬಿಡಬೇಡಿ.

ತಳಿಯ ಹೋರಿ

ಒಂದು ಆಕಳು ವರ್ಷಕ್ಕೆ ಒಂದೇ ಕರು ಕೊಟ್ಟೀತು. ಒಂದು ಹೋರಿ ಇಡೀ ಊರಿನ ಆಕಳಿಗೆ, ಘನೀಕೃತ ವೀರ್ಯದ ಮೂಲಕ ಸಾವಿರಾರು ಆಕಳಿಗೆ ತಂದೆ. ಅದರಲ್ಲಿ ದೋಷ ಇದ್ದರೆ ಊರಿಗೇ ಹರಡುತ್ತದೆ.

ಜಗತ್ತಿಗೆ ಇದು ತಿಳಿದದ್ದು 1964ರಲ್ಲಿ, ಸ್ವೀಡನ್ನಿನಲ್ಲಿ. ಇಂಗೆಮಾರ್ ಗುಸ್ಟಾವ್‌ಸನ್ ಅನ್ನುವ ವಿಜ್ಞಾನಿ ಅಲ್ಲಿನ ಕೆಂಪು ಬಿಳಿ ತಳಿಯ ದನಗಳ ಕ್ರೋಮೋಸೋಮ್ ಎಣಿಸಿದಾಗ ಕೆಲವಕ್ಕೆ 60ರ ಬದಲು 59 ಸಿಕ್ಕವು. ಕಳೆದುಹೋದದ್ದಲ್ಲ. ಎರಡು ಹಗ್ಗದ ತುದಿ ಗಂಟು ಹಾಕಿದರೆ ಎಣಿಕೆಗೆ ಒಂದು ಹಗ್ಗ ಆಗುತ್ತದಲ್ಲ, ಹಾಗೆ 1ನೇ ಕ್ರೋಮೋಸೋಮಿಗೆ 29ನೆಯದು ಅಂಟಿಕೊಂಡಿತ್ತು. ಇದನ್ನು 1/29 ದೋಷ ಎನ್ನುತ್ತಾರೆ. ಇಂಥ ದನ ಆರೋಗ್ಯವಾಗೇ ಇರುತ್ತದೆ. ಆದರೆ ಅದರ ವೀರ್ಯದಲ್ಲಿ ಅಥವಾ ಅಂಡದಲ್ಲಿ ಕೆಲವು ಏರುಪೇರಾಗಿ ಹಂಚಿಕೆಯಾಗುತ್ತವೆ. ಅವುಗಳಿಂದಾದ ಪಿಂಡ ಮೊದಲ ಕೆಲವು ವಾರಗಳಲ್ಲೇ ಸಾಯುತ್ತದೆ. ಗಬ್ಬ ನಿಲ್ಲುವ ಪ್ರಮಾಣ ಸುಮಾರು ನೂರಕ್ಕೆ 5ರಿಂದ 10ರಷ್ಟು ಇಳಿಯುತ್ತದೆ. ಬದುಕಿ ಹುಟ್ಟಿದ ಕರುಗಳಲ್ಲಿ ಹೆಚ್ಚು ಕಡಿಮೆ ಅರ್ಧಕ್ಕೆ ಅದೇ ದೋಷ ದಾಟುತ್ತದೆ. ಸ್ವೀಡನ್ನಿನವರು ಇಂಥ ಹೋರಿಗಳನ್ನು ಕೃತಕ ಗರ್ಭಧಾರಣೆಯಿಂದ ತೆಗೆದುಹಾಕಿದರು.

5ರಿಂದ 10 ಅಂದರೆ ಕಡಿಮೆ ಅನ್ನಿಸುತ್ತದೆ, ಅಲ್ವಾ? ಅಪಾಯ ಇರುವುದೇ ಅಲ್ಲಿ. ಎರಡು ಆಕಳು ಕಟ್ಟಿದ ಮನೆಯಲ್ಲಿ ಇಷ್ಟು ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಸಲ ಸೂಜಿ (ಕೃತಕ ಗರ್ಭಧಾರಣೆ) ನಿಲ್ಲಲಿಲ್ಲ, ಇನ್ನೊಂದು ಸಲ ಹಾಕಿಸಿದರಾಯಿತು ಅಂದುಕೊಳ್ಳುತ್ತೇವೆ. ಒಬ್ಬೊಬ್ಬರಿಗೆ ಕಾಣದ ನಷ್ಟ ಊರು ಪೂರ್ತಿ ಕೂಡಿಸಿದರೆ ದೊಡ್ಡದು. ತುಂಡುಗಳು ಅದಲುಬದಲಾಗುವ ಬಗೆಯಲ್ಲಂತೂ ಪಿಂಡ ಸಾಯುವುದು ಇನ್ನೂ ಜಾಸ್ತಿ.

ಹಾಗಾದರೆ ನೀವು ಮಾಡಬೇಕಾದದ್ದೇನು? ಸೂಜಿ ಹಾಕಿಸುವಾಗ ಪರವಾನಗಿ ಇರುವ ವೀರ್ಯ ಕೇಂದ್ರದ ಸ್ಟ್ರಾ (ವೀರ್ಯ ತುಂಬಿದ ಸಣ್ಣ ನಳಿಕೆ) ಕೇಳಿ. ಕೇಂದ್ರ ಸರ್ಕಾರದ ಮಾನದಂಡದಂತೆ ವೀರ್ಯ ಕೇಂದ್ರಕ್ಕೆ ಸೇರುವ ಹೋರಿಯ ಕ್ರೋಮೋಸೋಮ್ ಪರೀಕ್ಷೆ ಆಗಲೇಬೇಕು. ಸ್ಟ್ರಾ ಮೇಲೆ ಹೋರಿಯ ನಂಬರ್, ತಳಿ, ತಯಾರಾದ ದಿನ ಮುದ್ರಿಸಿರುತ್ತಾರೆ. ಬಳಸಿದ ಸ್ಟ್ರಾವನ್ನು ಎಸೆಯುವ ಮುಂಚೆ ಆ ನಂಬರನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಈ ನಂಬರ್ ಬಹಳ ಕೆಲಸಕ್ಕೆ ಬರುತ್ತದೆ.

ಊರಿನ ಗೂಳಿಯ ವಿಷಯ ಬೇರೆ. ದೇವರ ಹೆಸರಲ್ಲಿ ಬಿಟ್ಟ ಗೂಳಿಗೆ, ಒಬ್ಬರ ಮನೆಯ ಹೋರಿಗೆ ಯಾವ ಪರೀಕ್ಷೆಯೂ ಆಗಿರುವುದಿಲ್ಲ. ಅದೇ ಗೂಳಿ ತನ್ನ ಮಗಳ ಮೇಲೂ ಹತ್ತುತ್ತದೆ. ಊರವರು ಕೂಡಿ ಒಂದು ಹೋರಿ ಸಾಕುವುದಾದರೆ ಮೊದಲು ವೃಷಣ ನೋಡಿ. ಎರಡೂ ಒಂದೇ ಸಮ ತುಂಬಿರಬೇಕು. ವಯಸ್ಸಿಗೆ ತಕ್ಕಷ್ಟು ಬೆಳೆಯದೆ ಚಿಕ್ಕದಾಗಿ ಮೆತ್ತಗಿದ್ದರೆ ಒಂದು ಎಕ್ಸ್ ಹೆಚ್ಚಿರುವ ಹೋರಿ ಇರಬಹುದು, ಅದರಲ್ಲಿ ವೀರ್ಯಾಣುವೇ ಇರುವುದಿಲ್ಲ. ಆಮೇಲೆ ವೀರ್ಯ ಪರೀಕ್ಷೆ, ಗರ್ಭ ಜಾರಿಸುವ ಬ್ರುಸೆಲ್ಲಾ ರೋಗದ ಪರೀಕ್ಷೆ, ಕ್ರೋಮೋಸೋಮ್ ಪರೀಕ್ಷೆ ಮೂರೂ ಮಾಡಿಸಿ. ಮೂರು ವರ್ಷಕ್ಕೊಮ್ಮೆ ಹೋರಿ ಬದಲಿಸಿ.

ದೇವಣಿ ಸಾಕುವವರಿಗೆ ಇನ್ನೊಂದು ಉಪಯೋಗವಿದೆ. ಎಚ್‌ಎಫ್, ಜರ್ಸಿಯಂಥ ವಿದೇಶಿ ತಳಿಯ ವೈ ಕ್ರೋಮೋಸೋಮ್ ನಡುವೆ ಸೊಂಟ ಇರುವ ಆಕಾರದ್ದು. ನಮ್ಮ ನಾಡತಳಿಯ ವೈಗೆ ಆ ಸೊಂಟ ತುದಿಯಲ್ಲಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಈ ವ್ಯತ್ಯಾಸ ಕಾಣುತ್ತದೆ. ವೈ ಬರುವುದು ಅಪ್ಪನಿಂದ, ಅವನಿಗೆ ಅವನ ಅಪ್ಪನಿಂದ. ಬಣ್ಣ, ಮಚ್ಚೆ ನೋಡಿ ಅಪ್ಪಟ ದೇವಣಿ ಅಂತ ದುಬಾರಿ ಬೆಲೆಗೆ ಕೊಂಡ ಹೋರಿಯ ತಂದೆಯ ಕಡೆ ವಿದೇಶಿ ರಕ್ತ ಸೇರಿದ್ದರೆ ಅದು ಇಲ್ಲಿ ಸಿಕ್ಕಿಬೀಳುತ್ತದೆ. ತಾಯಿಯ ಕಡೆಯಿಂದ ಸೇರಿದ್ದರೆ ಮಾತ್ರ ಇದರಲ್ಲಿ ತಿಳಿಯುವುದಿಲ್ಲ.

ಗಬ್ಬ ನಿಲ್ಲದ ಆಕಳು

ಮೂರು ಸಲಕ್ಕಿಂತ ಹೆಚ್ಚು ಸೂಜಿ ಹಾಕಿಸಿದರೂ ನಿಲ್ಲಲಿಲ್ಲವೇ? ಮೊದಲು ತಾರೀಖು ಬರೆದಿಡಿ. ಬೆದೆಗೆ ಬಂದದ್ದು ಯಾವಾಗ, ಸೂಜಿ ಯಾವಾಗ, ಮತ್ತೆ ಬೆದೆಗೆ ಬಂದದ್ದು ಎಷ್ಟು ದಿನಕ್ಕೆ. 18ರಿಂದ 24 ದಿನದೊಳಗೆ ಮರಳಿ ಬಂದರೆ ಗಬ್ಬವೇ ಕಟ್ಟಿಲ್ಲ, ಇಲ್ಲವೇ ಕಟ್ಟಿದ್ದು ತೀರಾ ಬೇಗ ಹೋಗಿದೆ. 28, 35 ದಿನ ಹೀಗೆ ಲೆಕ್ಕ ತಪ್ಪಿ ಬಂದರೆ ಪಿಂಡ ಕೂತು ಸತ್ತಿರುವ ಸಾಧ್ಯತೆ ಇದೆ. ಸುಮಾರು 42 ದಿನಕ್ಕೆ ಬಂದರೆ ನಡುವಿನ ಒಂದು ಬೆದೆ ನಿಮ್ಮ ಕಣ್ಣು ತಪ್ಪಿರಬಹುದು.

ನಮ್ಮ ಬೇಸಿಗೆಯಲ್ಲಿ ಕಣ್ಣು ತಪ್ಪುವುದು ಸಹಜ. ಕಲಬುರಗಿಯ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಹಗಲೆಲ್ಲ ದನ ಸುಸ್ತಾಗಿ ನಿಂತಿರುತ್ತದೆ, ಬೆದೆ ತೋರಿಸುವುದು ರಾತ್ರಿ ಅಥವಾ ನಸುಕಿನಲ್ಲಿ. ಎಮ್ಮೆಯಂತೂ ಎಷ್ಟೋ ಸಲ ಕೂಗುವುದೂ ಇಲ್ಲ. ಮಲಗುವ ಮುಂಚೆ ಒಮ್ಮೆ, ಬೆಳಗಿನ ಜಾವ ಒಮ್ಮೆ ಟಾರ್ಚ್ ಹಿಡಿದು ಹಿಂಬದಿ ನೋಡಿ. ಲೋಳೆ ತಿಳಿಯಾಗಿ ತತ್ತಿಯ ಬಿಳಿಭಾಗದಂತಿರಬೇಕು. ಬೆಳ್ಳಗೆ ಮೋಡವಾಗಿದ್ದರೆ, ಕೀವಿದ್ದರೆ ಗರ್ಭಕೋಶಕ್ಕೆ ಸೋಂಕು. ಅಂಥದ್ದಕ್ಕೆ ಸೂಜಿ ಹಾಕಿಸುವುದು ದಂಡ, ಮೊದಲು ಚಿಕಿತ್ಸೆ. ಬೆಳಗ್ಗೆ ಬೆದೆ ಕಂಡರೆ ಸಂಜೆ ಸೂಜಿ, ಸಂಜೆ ಕಂಡರೆ ಮರುದಿನ ಬೆಳಗ್ಗೆ. ಬರೀ ಕಣಕಿ, ತೊಗರಿ ಹೊಟ್ಟಿನ ಮೇಲಿರುವ ದನಕ್ಕೆ ಖನಿಜ ಮಿಶ್ರಣ ಬೇಕೇ ಬೇಕು, ದೊಡ್ಡ ಆಕಳಿಗೆ ದಿನಕ್ಕೆ ಸುಮಾರು 50 ಗ್ರಾಂ.

ಇಷ್ಟೂ ಸರಿ ಇದ್ದರೆ ಬೇರೆ ಹೋರಿಯ ಸ್ಟ್ರಾ ಹಾಕಿಸಿ. ಫೋಟೊ ತೆಗೆದಿಟ್ಟ ನಂಬರ್ ಈಗ ತೆಗೆಯಿರಿ. ಅದೇ ನಂಬರಿನ ಹೋರಿಯಿಂದ ಅಕ್ಕಪಕ್ಕದವರ ಆಕಳುಗಳೂ ತಿರುಗಿ ಬೆದೆಗೆ ಬರುತ್ತಿದ್ದರೆ ಪಶುವೈದ್ಯರಿಗೆ ತಿಳಿಸಿ. ಹೋರಿ ಬದಲಿಸಿದರೂ ನಿಮ್ಮ ಆಕಳು ಮಾತ್ರ ಲೆಕ್ಕ ತಪ್ಪಿ ಮರಳುತ್ತಿದ್ದರೆ, ವೈದ್ಯರು ಕೈ ಹಾಕಿ ನೋಡಿದಾಗ ಗರ್ಭಕೋಶ, ಅಂಡಾಶಯ ಸರಿ ಇದ್ದರೆ, ಆಗ ಕ್ರೋಮೋಸೋಮ್ ಪರೀಕ್ಷೆಯ ಮಾತು.

ಬೆದೆಗೇ ಬಾರದ ಮಣಕಕ್ಕೆ ಇಷ್ಟು ಕಾಯಬೇಡಿ. ಮೈ ತುಂಬಿಕೊಂಡು ವಯಸ್ಸು ಮೀರಿದರೂ ಬೆದೆ ಇಲ್ಲದಿದ್ದರೆ ವೈದ್ಯರಿಗೆ ತೋರಿಸಿ. ಗರ್ಭಕೋಶ ಎಳಸಾಗಿ, ಅಂಡಾಶಯ ಕಾಳಿನಷ್ಟಿದ್ದರೆ ಒಂದೇ ಎಕ್ಸ್ ಇರುವುದು, ಮೂರು ಎಕ್ಸ್ ಇರುವುದು, ಹೆಣ್ಣಿನ ಮೈಯಲ್ಲಿ ಎಕ್ಸ್ ವೈ ಇರುವುದು ಇವುಗಳಲ್ಲಿ ಒಂದಿರಬಹುದು. ಸೊರಗಿದ ಮಣಕದಲ್ಲೂ ಅಂಡಾಶಯ ಹೀಗೇ ಸಣ್ಣದಿರುತ್ತದೆ. ಅದಕ್ಕೆ ಮೊದಲು ಜಂತುಮದ್ದು, ಮೇವು, ಖನಿಜ.

ಕಂದು ಹಾಕಿದರೆ (ಗರ್ಭ ಜಾರಿದರೆ) ಅಥವಾ ವಿಕಾರ ಕರು ಹುಟ್ಟಿದರೆ

ಕೆಳದವಡೆ ಗಿಡ್ಡ, ಕುಳ್ಳ ಮೈ, ಹೃದಯದ ದೋಷ ಇರುವ ಕರು ಸತ್ತು ಹುಟ್ಟಿದರೆ ಒಂದು ಕ್ರೋಮೋಸೋಮ್ ಹೆಚ್ಚಿರುವ ಸಾಧ್ಯತೆ ಇದೆ. ವೈರಸ್ ಸೋಂಕಿನಿಂದ, ವಿಷದ ಗಿಡದಿಂದ, ಜೀವಸತ್ವದ ಕೊರತೆಯಿಂದಲೂ ವಿಕಾರ ಕರು ಹುಟ್ಟುತ್ತದೆ. ಆದರೆ ಕಂದು ಹಾಕಿದಾಗ ಮೊದಲ ಅನುಮಾನ ಬ್ರುಸೆಲ್ಲಾ ಮೇಲೇ ಇರಲಿ. ಅದು ಮನುಷ್ಯರಿಗೂ ಅಂಟುವ ರೋಗ. ದಯವಿಟ್ಟು ಬರಿಗೈಯಲ್ಲಿ ಕಂದು, ಮಾಸು ಮುಟ್ಟಬೇಡಿ. ಮನೆಯ ಬಸುರಿ ಹೆಣ್ಣುಮಕ್ಕಳನ್ನು ಹತ್ತಿರ ಬಿಡಲೇಬೇಡಿ. ವೈದ್ಯರು ಬಂದು ಮಾದರಿ ತೆಗೆದುಕೊಂಡ ಮೇಲೆ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನ ಬರುತ್ತದೆ. ಹೆಣ್ಣುಗರುಗಳಿಗೆ 4ರಿಂದ 8 ತಿಂಗಳೊಳಗೆ ಬ್ರುಸೆಲ್ಲಾ ಲಸಿಕೆ ಹಾಕಿಸಿ.

ರಕ್ತ ಕಳಿಸುವುದು

ಇಡೀ ಪರೀಕ್ಷೆ ಕೆಡುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲು ಊರಿನ ಪಶುವೈದ್ಯರ ಮೂಲಕ ಬೀದರ್‌ನ ನಂದಿನಗರದಲ್ಲಿರುವ ಪಶುವೈದ್ಯಕೀಯ ಕಾಲೇಜನ್ನು ಕೇಳಿ, ದನವನ್ನು ಅಲ್ಲಿ ತೋರಿಸಬಹುದು. ಗುಜರಾತಿನ ಆನಂದ್‌ನಲ್ಲಿ ಎನ್‌ಡಿಡಿಬಿಯ (ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ) ಪ್ರಯೋಗಾಲಯವೂ ಕ್ರೋಮೋಸೋಮ್ ಪರೀಕ್ಷೆ ಮಾಡುತ್ತದೆ. ಎಲ್ಲಿಗೇ ಆಗಲಿ, ರಕ್ತ ತೆಗೆಯುವ ಮುಂಚೆ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ.

ಕ್ರೋಮೋಸೋಮ್ ಎಣಿಸಲು ಜೀವಂತ ಕೋಶ ಬೇಕು. ಬಿಳಿ ರಕ್ತಕಣಗಳನ್ನು ಸುಮಾರು 72 ಗಂಟೆ ಬೆಳೆಸಿ, ಒಡೆಯುವ ಹಂತದಲ್ಲಿ ತಡೆದು, ಬಣ್ಣ ಹಾಕಿ ಎಣಿಸುತ್ತಾರೆ. ದಾರಿಯಲ್ಲಿ ಕೋಶ ಸತ್ತರೆ ಎಣಿಸಲು ಏನೂ ಇರುವುದಿಲ್ಲ. ಅದಕ್ಕೇ ಕುತ್ತಿಗೆಯ ರಕ್ತನಾಳದಿಂದ 5ರಿಂದ 10 ಮಿಲಿ ರಕ್ತ, ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿಗೆ. ಕುಲುಕಬೇಡಿ, ನಾಲ್ಕೈದು ಸಲ ಮೆಲ್ಲಗೆ ತಲೆಕೆಳಗು ಮಾಡಿ ಸಾಕು. ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ ಥರ್ಮಾಸ್ ಡಬ್ಬಿಯಲ್ಲಿಡಿ. ಟ್ಯೂಬು ನೇರ ಐಸಿಗೆ ತಾಗಬಾರದು, ಫ್ರೀಜರಿನಲ್ಲಂತೂ ಇಡಲೇಬಾರದು. 24 ಗಂಟೆಯೊಳಗೆ ತಲುಪಿದರೆ ಒಳ್ಳೆಯದು, ಬಹಳ ಅಂದರೆ 48. ಶುಕ್ರವಾರ, ಶನಿವಾರ ಕಳಿಸಬೇಡಿ, ಭಾನುವಾರ ಟ್ಯೂಬು ಬಾಗಿಲಲ್ಲೇ ಉಳಿಯುತ್ತದೆ. ಬರೀ ಪಿಸಿಆರ್ ಆದರೆ ನೇರಳೆ ಮುಚ್ಚಳದ ಟ್ಯೂಬು ಸಾಕು, ಇಷ್ಟು ಅವಸರವೂ ಇಲ್ಲ.

ಜೊತೆಗೆ ಒಂದು ಚೀಟಿ ಇಡಿ. ಕಿವಿಯೋಲೆಯ 12 ಅಂಕಿಯ ನಂಬರ್, ತಳಿ, ವಯಸ್ಸು, ಜೋಡಿಯಾಗಿ ಹುಟ್ಟಿದ್ದಾ, ಸೂಜಿ ಹಾಕಿಸಿದ ತಾರೀಖುಗಳು, ಹೋರಿ ನಂಬರ್.

ವರದಿ ಹೀಗೆ ಓದಿ. "60, ಎಕ್ಸ್ ಎಕ್ಸ್" ಅಂದರೆ ಸರಿಯಾದ ಹೆಣ್ಣು, "60, ಎಕ್ಸ್ ವೈ" ಸರಿಯಾದ ಗಂಡು. ಹೆಣ್ಣಿನ ವರದಿಯಲ್ಲಿ ನಡುವೆ ಓರೆಗೆರೆ ಹಾಕಿ ಎರಡೂ ಬರೆದಿದ್ದರೆ ಫ್ರೀಮಾರ್ಟಿನ್. "59" ಅಂತ ಬರೆದು ಪಕ್ಕದಲ್ಲಿ 1 ಮತ್ತು 29 ಇದ್ದರೆ ಅಂಟಿಕೊಂಡ ಬಗೆ. "61" ಇದ್ದರೆ ಒಂದು ಹೆಚ್ಚು.

ವರದಿ ಬಂದ ಮೇಲೆ

ಇದಕ್ಕೆ ಔಷಧಿ ಇಲ್ಲ. ಇಂಜೆಕ್ಷನ್, ಗುಳಿಗೆ, ನಾಟಿಮದ್ದು ಯಾವುದರಿಂದಲೂ ಕ್ರೋಮೋಸೋಮ್ ಬದಲಾಗುವುದಿಲ್ಲ. ಬದಲಾಗುತ್ತದೆ ಅಂತ ದುಡ್ಡು ಕೇಳಿದವರಿಗೆ ಕೊಡಬೇಡಿ. ಹೋರಿಯಲ್ಲಿ ದೋಷ ಕಂಡರೆ ಬೀಜ ಒಡೆಸಿ ಎತ್ತು ಮಾಡಿ, ಅದರ ಮಕ್ಕಳಲ್ಲಿ ತಳಿಗೆ ಇಟ್ಟವನ್ನೂ ಪರೀಕ್ಷಿಸಿ. 1/29 ಇರುವ ಆಕಳು ಕರು ಹಾಕುತ್ತದೆ, ಹಾಲು ಕೊಡುತ್ತದೆ, ಮಾರುವ ಅಗತ್ಯ ಇಲ್ಲ. ಅದರ ಗಂಡುಗರುವನ್ನು ಮಾತ್ರ ಹೋರಿಯಾಗಿ ಬಿಡಬೇಡಿ. ಫ್ರೀಮಾರ್ಟಿನ್ ಮಣಕ ಹೋರಿಯಂತೆ ಗಟ್ಟಿಯಾಗಿ ಬೆಳೆಯುತ್ತದೆ, ಪಳಗಿಸಿದರೆ ಹೊಲದ ಕೆಲಸಕ್ಕೆ ಆಗುತ್ತದೆ. ಮಾರುವುದಾದರೆ ವಿಷಯ ಹೇಳಿಯೇ ಮಾರಿ. ಕೊಳ್ಳುವವರ ಮನೆಯಲ್ಲೂ ಕಣಕಿಗೆ ಅಷ್ಟೇ ಬೆಲೆ.

ನೀವೇ ಸಂತೆಯಲ್ಲಿ ಹೆಣ್ಣುಗರು ಕೊಳ್ಳಲು ಹೋದಾಗ ಹಲ್ಲು, ಸುಳಿ ನೋಡುವ ಜೊತೆಗೆ ಇದು ಒಂಟಿ ಹುಟ್ಟಿದ್ದೋ, ಜೋಡಿಯೋ ಅಂತ ಕೇಳಿ. ಬೆಳೆದ ಮಣಕವಾದರೆ ದುಡ್ಡು ಎಣಿಸುವ ಮುಂಚೆ ವೈದ್ಯರಿಂದ ಕೈ ಹಾಕಿಸಿ, ಗರ್ಭಕೋಶ ಇದೆಯೋ ಇಲ್ಲವೋ ನೋಡಿಸಿ.